ಒಂದೇ ಕಮಾಂಡ್ ಸಾಕಾ?

ಚಿಕ್ಕಪ್ಪ (ಫಾರ್ವರ್ಡ್): ಹಳೇ ವರ್ಕ್‌ಸ್ಟೇಷನ್ ಕೊಂಡಿದ್ದೀರಾ? ಲಿನಕ್ಸ್ ಟರ್ಮಿನಲ್‌ನಲ್ಲಿ ‘ಸುಡೊ ಡಿಎಂಐಡಿಕೋಡ್’ ಎಂದು ಹೊಡೆಯಿರಿ. ಮಿಷಿನ್‌ನ ಪೂರ್ತಿ ಜಾತಕ ಸಿಗುತ್ತದೆ. ಬೇರೇನೂ ಬೇಡ!!

ಚಿಕ್ಕಪ್ಪ: ನಾನೂ ಹೊಡೆದೆ. ಎಲ್ಲಾ ಸರಿಯಾಗಿದೆ.

ನಾನು: ಚಿಕ್ಕಪ್ಪ, ಆ ‘ಬೇರೇನೂ ಬೇಡ’ ಅನ್ನೋದೇ ತಪ್ಪು. ಆ ಕಮಾಂಡ್ ಬಿಡಿಭಾಗಗಳನ್ನು ಮುಟ್ಟಿ ನೋಡುವುದಿಲ್ಲ. ಬಯಾಸ್, ಅಂದರೆ ಮಿಷಿನ್ ಆನ್ ಆದಾಗ ಮೊದಲು ಓಡುವ ಒಳಗಿನ ಸಾಫ್ಟ್‌ವೇರ್, ಇಟ್ಟುಕೊಂಡಿರುವ ಪಟ್ಟಿಯನ್ನು ಓದಿ ಹೇಳುತ್ತದೆ, ಅಷ್ಟೇ.

ಚಿಕ್ಕಪ್ಪ: ಬಯಾಸ್ ಸುಳ್ಳು ಹೇಳುತ್ತಾ ಪುಟ್ಟಿ?

ನಾನು: ಬೇಕಂತ ಹೇಳಲ್ಲ. ತಯಾರಿಸಿದವರು ಸರಿಯಾಗಿ ತುಂಬಿರುವುದಿಲ್ಲ. ಸೀರಿಯಲ್ ನಂಬರ್ ಇರಬೇಕಾದ ಜಾಗದಲ್ಲಿ ‘ಟು ಬಿ ಫಿಲ್ಡ್ ಬೈ ಓಇಎಂ’ (ತಯಾರಕರು ತುಂಬಬೇಕು) ಅಂತ ಎಷ್ಟೋ ಸಲ ನೋಡಿದ್ದೇನೆ. ಪಟ್ಟಿಯಲ್ಲಿ ತಪ್ಪುಗಳಿರುತ್ತವೆ ಅಂತ ಆ ಕಮಾಂಡ್‌ನ ಮ್ಯಾನ್ ಪೇಜಿನಲ್ಲೇ (ಬಳಕೆಯ ಕೈಪಿಡಿ) ಬರೆದಿದೆ.

ಭಾವ: ಆದರೆ ರ‍್ಯಾಮ್ ವಿಷಯಕ್ಕೆ ಅದು ಬೇಕೇ ಬೇಕು. ‘ಫ್ರೀ’ ಅನ್ನೋ ಕಮಾಂಡ್ ಒಟ್ಟು ಎಷ್ಟಿದೆ ಅಂತ ಮಾತ್ರ ಹೇಳುತ್ತೆ. ಯಾವ ಸ್ಲಾಟ್ ಖಾಲಿ ಅನ್ನೋದು ಡಿಎಂಐಡಿಕೋಡ್‌ನಲ್ಲೇ ಸಿಗೋದು. ನನ್ನ ಮಿಷಿನ್‌ನಲ್ಲಿ 4 ಸ್ಲಾಟ್, 2 ಖಾಲಿ. ರ‍್ಯಾಮ್ ಸ್ಟಿಕ್ 3200 ವೇಗದ್ದು, ಓಡ್ತಿರೋದು 2666ರಲ್ಲಿ. ಅದೂ ಅದರಲ್ಲೇ ಗೊತ್ತಾಗಿದ್ದು.

ನಾನು: ಅದನ್ನ ಒಪ್ಪಿದೆ ಭಾವ.

ತಮ್ಮ: ನಂದು 16 ಜಿಬಿ. ‘ಫ್ರೀ’ 15 ಅಂತಿದೆ. ಮೋಸ!

ನಾನು: ಮೋಸ ಅಲ್ಲ ಕಣೋ. ಫರ್ಮ್‌ವೇರ್ (ಬಯಾಸ್‌ನಂಥದ್ದು), ಕರ್ನಲ್ (ಲಿನಕ್ಸ್‌ನ ತಿರುಳು), ಒಳಗಿನ ಗ್ರಾಫಿಕ್ಸ್ ಮೊದಲೇ ಒಂದಿಷ್ಟು ಹಿಡಿದುಕೊಂಡಿರುತ್ತವೆ.

ತಮ್ಮ: ಹೋಗಲಿ, ಪ್ರೊಸೆಸರ್ ವಿವರ ಕೊಡೋ ‘ಎಲ್‌ಎಸ್‌ಸಿಪಿಯು’ ಕಮಾಂಡ್ 8 ಸಿಪಿಯು ತೋರಿಸ್ತಿದೆ. 8 ಕೋರ್ 💪

ಭಾವ: ಸ್ವಲ್ಪ ಕೆಳಗೆ ನೋಡು. ಸಾಕೆಟ್ ಎಷ್ಟು? ಸಾಕೆಟ್‌ಗೆ ಕೋರ್ ಎಷ್ಟು? ಕೋರ್‌ಗೆ ಥ್ರೆಡ್ ಎಷ್ಟು?

ತಮ್ಮ: 1. 4. 2.

ಭಾವ: ಹಾಗಾದರೆ 4 ಕೋರ್ ಮಾರಾಯ. 8 ಅನ್ನೋದು ಥ್ರೆಡ್ ಲೆಕ್ಕ, ಅಂದ್ರೆ ಒಂದೊಂದು ಕೋರ್ ಒಟ್ಟಿಗೆ 2 ಕೆಲಸದ ಸರಣಿ ಓಡಿಸುತ್ತೆ.

ತಮ್ಮ: 🙄

ಚಿಕ್ಕಪ್ಪ: ನೀವೆಲ್ಲ ಸುಮ್ನೆ ಎಳೀತಿದ್ದೀರಿ. ಹೊಸಬರಿಗೆ ಒಂದು ಕಮಾಂಡ್ ಹೇಳಿದರೆ ತಪ್ಪಾ? ಹತ್ತು ಹೇಳಿದರೆ ಯಾರೂ ಒಂದನ್ನೂ ಹೊಡೆಯಲ್ಲ.

ಇದು ನಿಜ, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ನಾನು: ತಪ್ಪಲ್ಲ ಚಿಕ್ಕಪ್ಪ. ಆದರೆ ನಿಮ್ಮ ಡಿಸ್ಕ್ ಬಗ್ಗೆ ಅದು ಏನು ಹೇಳಿತು?

ಚಿಕ್ಕಪ್ಪ: ಡಿಸ್ಕ್… ಕಾಣಲಿಲ್ಲ.

ನಾನು: ಆ ಪಟ್ಟಿಯಲ್ಲಿ ಡಿಸ್ಕ್ ಇರುವುದೇ ಇಲ್ಲ. ಹಳೇ ಮಿಷಿನ್‌ನಲ್ಲಿ ಮೊದಲು ಕೈಕೊಡೋದು ಸಾಮಾನ್ಯವಾಗಿ ಅದೇ. ಡಿಸ್ಕ್‌ನ ಆರೋಗ್ಯ ನೋಡೋಕೆ ‘ಸುಡೊ ಸ್ಮಾರ್ಟ್‌ಸಿಟಿಎಲ್’, ಆಮೇಲೆ ಮೈನಸ್ ಎ, ಆಮೇಲೆ ಡಿಸ್ಕ್ ಹೆಸರು. ಹೆಸರು ‘ಎಲ್‌ಎಸ್‌ಬಿಎಲ್‌ಕೆ’ ಕಮಾಂಡ್‌ನಲ್ಲಿ ಸಿಗುತ್ತೆ.

ಚಿಕ್ಕಪ್ಪ: ‘ಕಮಾಂಡ್ ನಾಟ್ ಫೌಂಡ್’ ಅಂತಿದೆ. ಇದೇನಾ ನಿನ್ನ ಕಮಾಂಡು?

ನಾನು: ಅದು ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜಿನಲ್ಲಿದೆ, ಅದನ್ನ ಹಾಕಿಕೊಳ್ಳಿ.

(ಇಪ್ಪತ್ತು ನಿಮಿಷ ಸದ್ದಿಲ್ಲ.)

ಚಿಕ್ಕಪ್ಪ: ‘ಪವರ್ ಆನ್ ಅವರ್ಸ್’ ಎದುರಿಗೆ 41260 ಅಂತಿದೆ. ಒಳ್ಳೇದಾ?

ಭಾವ: 24ರಿಂದ ಭಾಗಿಸಿ. 1719 ದಿನ. ನಾಲ್ಕೂವರೆ ವರ್ಷಕ್ಕಿಂತ ಜಾಸ್ತಿ ಓಡಿದೆ.

ಚಿಕ್ಕಪ್ಪ: ಬಳಸಿದ್ದೇ ಕಮ್ಮಿ ಅಂದಿದ್ದನಲ್ಲ ಮಾರಿದವನು!

ನಾನು: ಮೊದಲು ಫೋಟೋಗಳ ಬ್ಯಾಕಪ್ ತೆಗೆದುಕೊಳ್ಳಿ ಚಿಕ್ಕಪ್ಪ. ಆಮೇಲೆ ಅವನಿಗೆ ಫೋನ್ ಮಾಡಿ.