ಸ್ಪ್ರೆಡ್‌ಶೀಟ್ ಪಾಠಕ್ಕೆ ಪದಗಳು: ಕೋಶವೋ, ಮನೆಯೋ? ‘ಕಾಲಂ’ ಅನ್ನಬಹುದಾ?

ಗೆಳೆಯರೇ,

ಕನ್ನಡ ಮಾಧ್ಯಮದ ಎಂಟನೇ ತರಗತಿ ಮಕ್ಕಳಿಗಾಗಿ ಸ್ಪ್ರೆಡ್‌ಶೀಟಿನ, ಅಂದರೆ ಕಂಪ್ಯೂಟರಿನಲ್ಲಿ ಗೂಡುಗೂಡಾಗಿ ಗೆರೆ ಹಾಕಿದ ಲೆಕ್ಕದ ಹಾಳೆಯ, ಮೊದಲ ಪಾಠಗಳನ್ನು ಬರೆಯುತ್ತಿದ್ದೇನೆ. ಲಿಬ್ರೆಆಫೀಸ್ ಕ್ಯಾಲ್ಕ್ ಅನ್ನುವ ತಂತ್ರಾಂಶದಲ್ಲಿ ಅಂಕಪಟ್ಟಿ ಮಾಡುವುದು, ಒಟ್ಟು ಹಾಕುವುದು, ಸರಾಸರಿ ತೆಗೆಯುವುದು, ಇಷ್ಟೇ. ಮಕ್ಕಳಿಗೆ ಕೆಲಸ ಬೇಗ ಹಿಡಿಯುತ್ತದೆ. ತೊಡಕಿರುವುದು ಪದಗಳಲ್ಲಿ. ಕೆಲವಕ್ಕೆ ನನ್ನ ಒಲವು ಯಾವ ಕಡೆ ಅಂತ ಹೇಳುತ್ತೇನೆ. ಒಪ್ಪದಿದ್ದರೆ ಖಂಡಿತ ಹೇಳಿ.

‘ಸ್ಪ್ರೆಡ್‌ಶೀಟ್’ ಅನ್ನುವ ಹೆಸರನ್ನು ಹಾಗೇ ಬಿಟ್ಟಿದ್ದೇನೆ. ಎರಡು ಪುಟಗಳ ಅಗಲಕ್ಕೆ ಹರಡಿಕೊಂಡ ಲೆಕ್ಕದ ಹಾಳೆಗೆ ಇಂಗ್ಲಿಷಿನಲ್ಲಿ ಇದ್ದ ಹೆಸರು ಅದು. 1979ರಲ್ಲಿ ವಿಸಿಕ್ಯಾಲ್ಕ್ ಅನ್ನುವ ತಂತ್ರಾಂಶ ಬಂದಾಗ ಆ ಹಾಳೆ ಕಂಪ್ಯೂಟರಿನ ಪರದೆಗೆ ಬಂತು. ಕಿರ್ದಿ, ಖತಾವಣಿ ಬರೆಯುತ್ತಿದ್ದ ನಮ್ಮವರಿಗೂ ಅಂಥ ಹಾಳೆ ಹೊಸದಲ್ಲ. ಆದರೆ ‘ವಿದ್ಯುನ್ಮಾನ ಹರವುಹಾಳೆ’ ಅಂದರೆ ಮಕ್ಕಳಿಗೆ ಏನೂ ಹೊಳೆಯುವುದಿಲ್ಲ.

ನಿಜವಾದ ತಕರಾರು ಶುರುವಾಗುವುದು ‘ಕಾಲಂ’ ಪದದಿಂದ. ಸ್ಪ್ರೆಡ್‌ಶೀಟಿನಲ್ಲಿ ಅದು ಮೇಲಿಂದ ಕೆಳಗೆ ಹೋಗುವ ಇಡೀ ಸಾಲು, ಹೆಸರು ಎ, ಬಿ, ಸಿ ಹೀಗೆ. ಎಲ್ಲರಿಗೂ ಗೊತ್ತಿರುವ ಪದ, ಅದನ್ನೇ ಇಟ್ಟುಕೊಳ್ಳೋಣ ಅಂದುಕೊಂಡಿದ್ದೆ. ಆದರೆ ಕನ್ನಡದಲ್ಲಿ ಕಾಲಂ ಅಂದರೆ ಏನು? ಅರ್ಜಿ ತುಂಬುವಾಗ ‘ತಂದೆಯ ಹೆಸರಿನ ಕಾಲಂ ಖಾಲಿ ಇದೆ’, ‘ಈ ಕಾಲಂ ಭರ್ತಿ ಮಾಡಿ’ ಅನ್ನುತ್ತೇವೆ. ಅಲ್ಲಿ ಕಾಲಂ ಅಂದರೆ ಬರೆಯುವುದಕ್ಕೆ ಬಿಟ್ಟ ಜಾಗ. ಅದು ಮೇಲಿಂದ ಕೆಳಗೆ ಇರಬೇಕಾಗಿಲ್ಲ. ಎಷ್ಟೋ ಸಲ ಅದು ಅಡ್ಡಗೆರೆಯೇ ಆಗಿರುತ್ತದೆ. ಹಾಗಾಗಿ ‘ಬಿ ಕಾಲಂ ಸೆಲೆಕ್ಟ್ ಮಾಡು’ ಅಂದರೆ ಕೆಲವು ಮಕ್ಕಳು ಅದರ ಮೊದಲ ಗೂಡು ಬಿ1 ಒಂದನ್ನೇ ಒತ್ತಿ ಸುಮ್ಮನಾಗುತ್ತಾರೆ. ಅವರದು ತಪ್ಪಲ್ಲ. ಅವರ ಕನ್ನಡದಲ್ಲಿ ಆ ಪದಕ್ಕೆ ಇರುವುದೇ ಆ ಅರ್ಥ.

ಬರೀ ‘ಸಾಲು’ ಅಂದರೂ ಇದೇ ಕಥೆ. ಪ್ರಾರ್ಥನೆಗೆ ಸಾಲಾಗಿ ನಿಲ್ಲಿ ಅಂದರೆ ಮಕ್ಕಳು ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಊಟಕ್ಕೆ ಸಾಲಾಗಿ ಕೂರಿ ಅಂದರೆ ಒಬ್ಬರ ಪಕ್ಕ ಒಬ್ಬರು ಕೂರುತ್ತಾರೆ. ಸಾಲಿಗೆ ದಿಕ್ಕಿಲ್ಲ. ಆದ್ದರಿಂದ ಗಣಿತ ಪಾಠದ ‘ಅಡ್ಡಸಾಲು’, ‘ಕಂಬಸಾಲು’ ಜೋಡಿಯನ್ನೇ ತೆಗೆದುಕೊಂಡಿದ್ದೇನೆ. ವಿಜ್ಞಾನದಲ್ಲಿ ಆವರ್ತ ಕೋಷ್ಟಕ ಕಲಿಯುವಾಗಲೂ ಅಡ್ಡಸಾಲುಗಳು ಆವರ್ತಗಳು, ಕಂಬಸಾಲುಗಳು ಗುಂಪುಗಳು. ಮೂರು ಪಾಠಕ್ಕೂ ಒಂದೇ ಪದವಿದ್ದರೆ ಮಕ್ಕಳ ತಲೆಭಾರ ಕಡಿಮೆ, ಅಲ್ವಾ? ‘ಅಂಕಣ’ ಬಳಸಿ ಅಂತ ಗೆಳೆಯರೊಬ್ಬರು ಹೇಳಿದರು. ಚಂದದ ಪದ, ಆದರೆ ಹಳೆಯ ಮನೆಗಳಲ್ಲಿ ಅಂಕಣ ಅಂದರೆ ಎರಡು ಕಂಬಗಳ ನಡುವಿನ ಜಾಗ, ಪತ್ರಿಕೆಯಲ್ಲಿ ವಾರವಾರ ಬರುವ ಬರಹ. ಮೂರನೇ ಅರ್ಥವನ್ನು ಅದರ ಮೇಲೆ ಹೇರುವುದು ಬೇಡ ಅನಿಸಿತು.

ಇನ್ನು ಸೆಲ್, ಅಂದರೆ ಅಡ್ಡಸಾಲು, ಕಂಬಸಾಲು ಸೇರುವಲ್ಲಿನ ಒಂದೊಂದು ಗೂಡು. ಎಲ್ಲ ಕಡೆ ‘ಕೋಶ’ ಅಂತಲೇ ಬರೆಯುತ್ತಾರೆ. ಮಕ್ಕಳಿಗೆ ಕೋಶ ಅಂದರೆ ಮೊದಲು ಜೀವಕೋಶ, ಆಮೇಲೆ ವಿದ್ಯುತ್ಕೋಶ. ಎರಡೂ ಅದೇ ವಯಸ್ಸಿನಲ್ಲಿ ವಿಜ್ಞಾನದ ಪುಸ್ತಕದಲ್ಲಿ ಬರುತ್ತವೆ. ‘ಚೌಕ’ ಅನ್ನೋಣ ಅಂದರೆ ಅದು ಚೌಕವೇ ಅಲ್ಲ, ಅಗಲ ಜಾಸ್ತಿ. ನನಗೆ ಹಿಡಿಸಿರುವುದು ‘ಮನೆ’. ಚೌಕಾಬಾರದಲ್ಲಿ ಕಾಯಿ ನಡೆಸುವುದು ಮನೆಯಿಂದ ಮನೆಗೆ. ಚದುರಂಗದಲ್ಲೂ ಮನೆ. ಜಾತಕದ ಕುಂಡಲಿಯಲ್ಲೂ ಹನ್ನೆರಡು ಮನೆ. ಗೆರೆ ಎಳೆದು ಮಾಡಿದ ಜಾಗಕ್ಕೆ ಕನ್ನಡ ಮೊದಲಿನಿಂದ ಕೊಟ್ಟಿರುವ ಹೆಸರೇ ಅದು. ಪಾರಸಿಯ ‘ಖಾನಾ’ ಪದಕ್ಕೂ ಮನೆ, ಗೂಡು ಅನ್ನುವ ಎರಡೂ ಅರ್ಥ ಇವೆ. ಜನಗಣತಿಗೆ ಹಿಂದೆ ಹೇಳುತ್ತಿದ್ದ ‘ಖಾನೇಷುಮಾರಿ’ಯಲ್ಲಿ ಇರುವುದೂ ಅದೇ. ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯವರಿಗೆ ಒಂದು ಪ್ರಶ್ನೆ: ಪಟ್ಟಿಯ ಗೂಡಿಗೆ ನಿಮ್ಮಲ್ಲಿ ‘ಖಾನೆ’ ಅನ್ನುತ್ತಾರಾ? ಈಗಿನ ಮಕ್ಕಳ ಬಾಯಲ್ಲಿ ಇದೆಯಾ?

ಮನೆ ಅಂದುಬಿಟ್ಟರೆ ಮುಂದಿನ ಮಾತುಗಳೆಲ್ಲ ತಾವಾಗಿಯೇ ಬರುತ್ತವೆ. ಎರಡು ಮನೆ ಸೇರಿಸಿ ಒಂದು ಮಾಡು. ಖಾಲಿ ಮನೆ ಬೇರೆ, ಸೊನ್ನೆ ಇರುವ ಮನೆ ಬೇರೆ. ಈ ಕೊನೆಯ ಮಾತು ನನಗೆ ತುಂಬ ಮುಖ್ಯ. ಪರೀಕ್ಷೆಗೆ ಗೈರಾದ ಹುಡುಗಿಯ ಮನೆ ಖಾಲಿ ಬಿಟ್ಟರೆ ಸರಾಸರಿ ತೆಗೆಯುವಾಗ ಕ್ಯಾಲ್ಕ್ ಅವಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೊನ್ನೆ ಹಾಕಿದರೆ ಹಿಡಿಯುತ್ತದೆ, ಇಡೀ ತರಗತಿಯ ಸರಾಸರಿ ಇಳಿಯುತ್ತದೆ.

ಮನೆ ಅಂದಮೇಲೆ ಬಿ2 (ಬಿ ಕಂಬಸಾಲು, ಎರಡನೇ ಅಡ್ಡಸಾಲು) ಅನ್ನುವುದು ಅದರ ‘ವಿಳಾಸ’. ನನಗೆ ಹೆಚ್ಚು ಸಹಾಯ ಬೇಕಿರುವುದು ಇಲ್ಲೇ. ಪುಸ್ತಕಗಳ ‘ಸಾಪೇಕ್ಷ ಉಲ್ಲೇಖ’, ‘ನಿರಪೇಕ್ಷ ಉಲ್ಲೇಖ’ ಎಂಟನೇ ತರಗತಿಗೆ ಆಗುವ ಮಾತಲ್ಲ. ವಿಷಯ ಇಷ್ಟು: ಮಕ್ಕಳು ಪಡೆದ ಒಟ್ಟು ಅಂಕ ಇ ಕಂಬಸಾಲಿನಲ್ಲಿದೆ. ಗರಿಷ್ಠ ಅಂಕ 625 ಅಂತ ಜಿ1ರಲ್ಲಿ ಒಂದೇ ಕಡೆ ಬರೆದಿದೆ. ಎಫ್2ರಲ್ಲಿ ‘ಇ2 ಭಾಗಿಸು ಜಿ1, ಗುಣಿಸು 100’ ಅಂತ ಸೂತ್ರ ಹಾಕಿದರೆ ಮೊದಲ ಮಗುವಿನ ಶೇಕಡಾ ಸರಿಯಾಗಿ ಬರುತ್ತದೆ. ಅದನ್ನು ಕೆಳಗಿನ ಮನೆಗಳಿಗೂ ನಕಲಾಗಲಿ ಅಂತ ಮೌಸಿನಿಂದ ಎಳೆದರೆ ಎರಡನೇ ಮಗುವಿಗೆ ಇ3, ಜಿ2 ಆಗುತ್ತದೆ. ಜಿ2 ಖಾಲಿ. ಸೊನ್ನೆಯಿಂದ ಭಾಗಿಸಿದ್ದೀರಿ ಅಂತ ದೋಷ ತೋರಿಸುತ್ತದೆ.

ಹೀಗೇಕೆ ಅಂದರೆ, ಸೂತ್ರಕ್ಕೆ ಜಿ1 ಅನ್ನುವ ಹೆಸರು ಮುಖ್ಯವಲ್ಲ. ‘ನನ್ನ ಬಲಪಕ್ಕದ, ಒಂದು ಮೆಟ್ಟಿಲು ಮೇಲಿನ ಮನೆ’ ಅಂತ ಅದು ಹಿಡಿದುಕೊಂಡಿರುತ್ತದೆ. ಹಳ್ಳಿಯಲ್ಲಿ ‘ನಮ್ಮನೆಯಿಂದ ಮೂರನೇ ಮನೆ’ ಅಂತ ದಾರಿ ಹೇಳುವ ಹಾಗೆ. ಹೇಳುವವರು ಬೇರೆ ಕಡೆ ಹೋದರೆ ಆ ಮೂರನೇ ಮನೆಯೂ ಬೇರೆಯಾಗುತ್ತದೆ. ಅಕ್ಷರದ ಮುಂದೆ, ಅಂಕಿಯ ಮುಂದೆ ಡಾಲರ್ ಗುರುತು ಹಾಕಿದಾಗ ಅದು ಬಾಗಿಲ ಸಂಖ್ಯೆ ಕೊಟ್ಟಂತೆ, ಎಲ್ಲಿಂದ ಕೇಳಿದರೂ ಅದೇ ಮನೆ. ಸದ್ಯಕ್ಕೆ ಮೊದಲನೆಯದನ್ನು ‘ಜರುಗುವ ವಿಳಾಸ’, ಎರಡನೆಯದನ್ನು ‘ಕದಲದ ವಿಳಾಸ’ ಅಂತ ಬರೆದುಕೊಂಡಿದ್ದೇನೆ. ಜರುಗು, ಕದಲು ಎರಡೂ ಎಲ್ಲ ಜಿಲ್ಲೆಗಳ ಮಕ್ಕಳಿಗೆ ತಿಳಿಯುತ್ತವಾ? ಕರಾವಳಿಯವರು ಏನನ್ನುತ್ತೀರಿ?

ಫಾರ್ಮುಲಾಗೆ ‘ಸೂತ್ರ’ ಸಾಕು, ವಿಸ್ತೀರ್ಣದ ಸೂತ್ರ ಮಕ್ಕಳಿಗೆ ಗೊತ್ತು. ಆದರೆ ‘ಫಂಕ್ಷನ್’ ಬೇಡ. ನಮ್ಮ ಕನ್ನಡದಲ್ಲಿ ಫಂಕ್ಷನ್ ಅಂದರೆ ನಾಮಕರಣ, ಗೃಹಪ್ರವೇಶ. ಸಮ್, ಆವರೇಜ್, ಕೌಂಟ್ ಇವೆಲ್ಲ ಮೊದಲೇ ತಯಾರಾಗಿ ಬರುವ ಸೂತ್ರಗಳು. ಹಾಗಾಗಿ ‘ಸಿದ್ಧಸೂತ್ರ’ ಅಂದಿದ್ದೇನೆ.

ಕೊನೆಗೆ ಉಳಿದದ್ದು ಒಂದು. ಡಾಲರ್ ಗುರುತನ್ನು ಅಕ್ಷರಕ್ಕೆ ಮಾತ್ರ ಅಥವಾ ಅಂಕಿಗೆ ಮಾತ್ರ ಹಾಕುವುದುಂಟು. ಆಗ ಕಂಬಸಾಲು ಕದಲುವುದಿಲ್ಲ, ಅಡ್ಡಸಾಲು ಜರುಗುತ್ತದೆ, ಇಲ್ಲವೇ ಇದರ ತಿರುಗುಮುರುಗು. ಮಗ್ಗಿಯ ಕೋಷ್ಟಕವನ್ನು ಒಂದೇ ಸೂತ್ರದಿಂದ ತುಂಬಿಸುವ ಪಾಠಕ್ಕೆ ಇದು ಬೇಕೇ ಬೇಕು. ‘ಮಿಶ್ರ ವಿಳಾಸ’ ಅಂದರೆ ಏನು ನಿಂತಿದೆ, ಏನು ಜರುಗುತ್ತದೆ ಅನ್ನುವುದು ತಿಳಿಯುವುದಿಲ್ಲ. ‘ಕಂಬ ಕಟ್ಟಿದ ವಿಳಾಸ’, ‘ಅಡ್ಡ ಕಟ್ಟಿದ ವಿಳಾಸ’ ಅಂದರೆ ನಡೆದೀತೇ? ಇದಕ್ಕಿಂತ ಚಿಕ್ಕದು ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ.