ಸಹಾಯ ಬೇಕು: 40 ಮೀಟರ್ ಡೈಪೋಲ್‌ಗೆ ಚೋಕ್, ಕಲಬುರಗಿ
ಶರಣು ಎಲ್ಲರಿಗೂ. ಹ್ಯಾಮ್ ರೇಡಿಯೊದ 40 ಮೀಟರ್ ಅಲೆಗೆ ಮಾಳಿಗೆ ಮೇಲೆ 7.1 ಮೆಗಾಹರ್ಟ್ಸ್‌ನ ಇನ್ವರ್ಟೆಡ್ ವಿ (ನಡು ಎತ್ತರ, ಎರಡೂ ತುದಿ ಕೆಳಗೆ ಇಳಿಬಿಟ್ಟ ಡೈಪೋಲ್ ಆಂಟೆನಾ) ಕಟ್ಟಿದೆ. ಅರ್ಧ ಅಲೆ ಉದ್ದದ ಸೂತ್ರದಂತೆ 143ನ್ನು 7.1ರಿಂದ ಭಾಗಿಸಿದರೆ 20.14 ಮೀಟರ್, ಒಂದೊಂದು ಕಡೆ 10.07. ಬಳಸಿದ್ದು ಮನೆ ವೈರಿಂಗಿನ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ವೈರ್, ಆರ್‌ಜಿ-58 ಕೋಆಕ್ಸಿಯಲ್ ಕೇಬಲ್, ನಡುಗಂಬ 6 ಮೀಟರ್.

ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ವಾಪಸಾಗುವ ಪವರಿನ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 6.85 ಮೆಗಾಹರ್ಟ್ಸ್‌ನಲ್ಲೇ ತಳ ಮುಟ್ಟಿತು. ಹೊದಿಕೆಯಿಂದ ಅಲೆಯ ವೇಗ ತಗ್ಗುತ್ತದೆ, ಹಾಗಾಗಿ ವೈರ್ ಬೇಕಾದ್ದಕ್ಕಿಂತ ಉದ್ದವಾಯಿತು. ಕತ್ತರಿಸದೆ ಎರಡೂ ತುದಿ 35 ಸೆಂ.ಮೀ. ಹಿಂದಕ್ಕೆ ಮಡಚಿ ವೈರಿಗೇ ಬಿಗಿಯಾಗಿ ಸುತ್ತಿದ ಮೇಲೆ 7.1ಕ್ಕೆ ಬಂತು.

ಉಳಿದ ತೊಂದರೆ ಇದು: ಕೇಬಲ್ ಹಿಡಿದರೆ ಮೀಟರಿನ ಮುಳ್ಳು ಸರಿಯುತ್ತದೆ. ಬಾಲನ್ (ಆಂಟೆನಾ ಮತ್ತು ಕೇಬಲ್ ನಡುವಿನ ಜೋಡಣೆ ಸರಿದೂಗಿಸುವ ಭಾಗ) ಹಾಕಿಲ್ಲ, ಕೇಬಲಿನ ಹೊರಮೈ ಮೇಲೆ ಆರ್‌ಎಫ್ (ರೇಡಿಯೊ ತರಂಗದ) ಕರೆಂಟ್ ಇಳಿಯುತ್ತಿದೆ. ಅದನ್ನು ತಡೆಯುವ ಚೋಕ್ ಆಗಿ ಎಫ್‌ಟಿ240-43 ಟೊರಾಯ್ಡ್ (ಫೆರೈಟ್ ಬಳೆ) ಮೇಲೆ ಇದೇ ಕೇಬಲನ್ನು 12 ಸುತ್ತು ಹಾಕಿ ಫೀಡ್ ಪಾಯಿಂಟಿನಲ್ಲೇ (ಕೇಬಲ್ ಆಂಟೆನಾಕ್ಕೆ ಸೇರುವ ಜಾಗ) ಕೂರಿಸುವ ವಿಚಾರವಿದೆ. ಕಲಬುರಗಿ, ಬೀದರ್ ಕಡೆ ಯಾರ ಹತ್ತಿರವಾದರೂ ಒಂದು ಟೊರಾಯ್ಡ್ ಇದೆಯೇನ್ರಿ? ದುಡ್ಡು ಕೊಟ್ಟು ಒಯ್ಯುತ್ತೇನೆ. ಅಲ್ಲಿತನಕ 4 ಇಂಚಿನ ಪಿವಿಸಿ ಪೈಪಿಗೆ ಕೇಬಲ್ ಸುತ್ತಿದರೆ 40 ಮೀಟರಿಗೆ ಎಷ್ಟು ಸುತ್ತು ಬೇಕು? ಕಟ್ಟಿ ಅಳೆದವರು ಹೇಳಿರಿ.