ಸಹಾಯ ಬೇಕು: ವುಲ್ಫಿಯನ್ ನಾಳ ಅಳಿದರೂ ಮೂತ್ರನಾಳ ಉಳಿಯುವುದು ಹೇಗೆ?

ಭ್ರೂಣಶಾಸ್ತ್ರ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. 7ನೇ ವಾರದ ಹೊತ್ತಿಗೆ ಎಲ್ಲ ಭ್ರೂಣಗಳಲ್ಲೂ ವುಲ್ಫಿಯನ್ (ಗಂಡಿನಲ್ಲಿ ವೀರ್ಯ ಸಾಗಿಸುವ ನಾಳಗಳಾಗುವುದು), ಮುಲ್ಲೇರಿಯನ್ (ಹೆಣ್ಣಿನಲ್ಲಿ ಗರ್ಭಕೋಶ, ಅಂಡನಾಳಗಳಾಗುವುದು) ಎರಡೂ ನಾಳಗಳಿರುತ್ತವೆ. ಎಸ್‌ಆರ್‌ವೈ ಜೀನ್‌ನಿಂದ ವೃಷಣ ರೂಪುಗೊಂಡರೆ ಅದು ಸ್ರವಿಸುವ ಎಎಂಎಚ್ ಹಾರ್ಮೋನು ಮುಲ್ಲೇರಿಯನ್ ನಾಳವನ್ನು ಕರಗಿಸುತ್ತದೆ, ಟೆಸ್ಟೋಸ್ಟೆರಾನ್ ವುಲ್ಫಿಯನ್ ನಾಳವನ್ನು ಉಳಿಸುತ್ತದೆ. ಇಷ್ಟು ಸರಿ.

ತೊಡಕಿರುವುದು ಮುಂದೆ. 5ನೇ ವಾರದಲ್ಲಿ ಮೂತ್ರನಾಳದ (ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಹೋಗುವ ನಾಳದ) ಮೊಗ್ಗು ಒಡೆಯುವುದು ಇದೇ ವುಲ್ಫಿಯನ್ ನಾಳದಿಂದ. ಹೆಣ್ಣು ಭ್ರೂಣದಲ್ಲಿ ಆ ನಾಳ ಬಹುಪಾಲು ಅಳಿದರೂ ಮೊಗ್ಗು ಮಾತ್ರ ಕವಲೊಡೆಯುತ್ತಾ ಬೆಳೆಯುತ್ತದಲ್ಲ, ಅದಕ್ಕೆ ಬದುಕುವ ಸೂಚನೆ ಎಲ್ಲಿಂದ? ಸುತ್ತಲಿನ ಅಂಗಾಂಶ ಸ್ರವಿಸುವ ಬೆಳವಣಿಗೆಯ ಪ್ರೋಟೀನ್ ಜಿಡಿಎನ್‌ಎಫ್ ಒಂದೇ ಸಾಕೇ? ಒಂದೇ ಮೂತ್ರಪಿಂಡದೊಂದಿಗೆ ಹುಟ್ಟಿದ ಕೆಲವು ಹೆಣ್ಣುಮಕ್ಕಳಲ್ಲಿ ಗರ್ಭಕೋಶದ ರಚನೆಯೂ ಬೇರೆಯಾಗಿರುತ್ತದೆ. ಈ ನಂಟನ್ನು ವಿದ್ಯಾರ್ಥಿಗಳಿಗೆ ತಪ್ಪಿಲ್ಲದೆ ತಿಳಿಸಬೇಕೆಂಬ ಆಸೆ ನನಗೆ. ವಾರವಾರದ ಚಿತ್ರಗಳಿದ್ದರೆ ಹಾಕಿ.